ವರ್ತನೆಯ ಓದು

2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಬಿಡದೆ ಮಳೆ ಸುರಿಯಿತು. ವರ್ಷಗಟ್ಟಲೆ ಬಿರುಕು ಬಿಟ್ಟುಕೊಂಡು ಮಲಗಿದ್ದ ಕೆರೆಗಳು ಒಂದೊಂದಾಗಿ ತುಂಬಿದವು. ನಮ್ಮೂರಿನ ಕೆರೆಯೂ ತುಂಬಿತು. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ತುಂಬಿದ್ದನ್ನು ನೋಡಿದ್ದೆ, ಆಮೇಲೆ ಆ ಕೆರೆ ನನ್ನ ಮಟ್ಟಿಗೆ ಜಾಲಿಗಿಡಗಳ ಕಾಡು, ದನ ಮೇಯುವ ಬಯಲು, ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ ಅಷ್ಟೇ ಆಗಿತ್ತು. ಅದು ತುಂಬಿದ ಸುದ್ದಿ ಬೆಂಗಳೂರಿನಲ್ಲಿದ್ದ ನನಗೆ ಮುಟ್ಟಿದ್ದು ಮೂರು ದಿನ ಕಳೆದ ಮೇಲೆ, ಚಿಕ್ಕಪ್ಪನ ಫೋನಿನಲ್ಲಿ.

"ಏನೋ, ಕೆರೆ ಕೋಡಿ ಹೋಗಿ ಮೂರು ದಿನ ಆಯ್ತು. ಪೇಪರ್‌ನಾಗೂ ಬಂದೈತೆ. ನಿಂಗೆ ಗೊತ್ತೇ ಆಗಿಲ್ವಾ?"

ಗೊತ್ತಾಗಿರಲಿಲ್ಲ. ಗೊತ್ತಾಗಲೆಂದೇ ನಾನು ಒಂದು ವ್ಯವಸ್ಥೆ ಮಾಡಿಕೊಂಡಿದ್ದೆ ಎಂಬುದನ್ನು ಚಿಕ್ಕಪ್ಪನಿಗೆ ಹೇಳುವ ಧೈರ್ಯವಾಗಲಿಲ್ಲ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಜಿಲ್ಲೆಗೆ ಬಂದಾಗಿನಿಂದ ಕೆರೆಯ ಸುದ್ದಿಗಳನ್ನು ಬೆನ್ನು ಹತ್ತಿದ್ದೆ. ಹಲವು ಸುದ್ದಿತಾಣಗಳ ಫೀಡ್‌ಗಳನ್ನು ಒಂದು ಫೀಡ್ ರೀಡರಿಗೆ ಸೇರಿಸಿ, ಅದಕ್ಕೊಂದು ಜರಡಿ ಹಾಕಿ, 'ಕೆರೆ' ಎಂಬ ಪದವಿರುವ ಶೀರ್ಷಿಕೆಗಳನ್ನು ಮಾತ್ರ ನನಗೆ ತೋರಿಸು ಎಂದು ಹೇಳಿದ್ದೆ. ಆ ಮೂರು ದಿನ ನನ್ನ ಜರಡಿಯಲ್ಲಿ ಉಳಿದದ್ದು ತರೀಕೆರೆಯ ರಾಜಕೀಯ ಮತ್ತು ಅರಸೀಕೆರೆಯ ರೈಲು. ನಮ್ಮ ಕಡೆಯ ಸುದ್ದಿಯ ಶೀರ್ಷಿಕೆಯನ್ನು ಆಮೇಲೆ ಹುಡುಕಿ ನೋಡಿದೆ. 'ಕೋಡಿ ಹರಿದ ಸಂಭ್ರಮ' ಎಂದಿತ್ತು. ಅದರಲ್ಲಿ ಕೆರೆ ಎಂಬ ಪದವೇ ಇರಲಿಲ್ಲ. ಯಾಕಿರಬೇಕು? ಕೋಡಿ ಹರಿಯುವುದು ಕೆರೆಯದಲ್ಲದೆ ಇನ್ನಾವುದರದು?

ಈ ಚಿಕ್ಕ ಅವಮಾನದಿಂದ ಶುರುವಾದ ಯೋಚನೆಯೇ ಈ ಬರಹ. ವೆಬ್ ಫೀಡ್ ಎಂಬುದನ್ನು ತಂತ್ರಜ್ಞಾನದ ಪುಟಗಳಲ್ಲಿ ಉಪಕರಣವೆಂದು ವಿವರಿಸುತ್ತಾರೆ. ನನಗೆ ಅದು ಓದಿನ ಒಂದು ಪ್ರಕಾರವಾಗಿ ಕಾಣುತ್ತದೆ. ಕಾದಂಬರಿಯನ್ನು ಧಾರಾವಾಹಿಯಾಗಿ ಓದುವುದಕ್ಕೂ ಪುಸ್ತಕವಾಗಿ ಓದುವುದಕ್ಕೂ ವ್ಯತ್ಯಾಸವಿರುವ ಹಾಗೆಯೇ, ಫೀಡಿನಲ್ಲಿ ಓದುವುದಕ್ಕೂ ಫೇಸ್‌ಬುಕ್ಕಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಓದುವುದಕ್ಕೂ ವ್ಯತ್ಯಾಸವಿದೆ. ಹಾಗಾಗಿ ಅದನ್ನು ವಿಮರ್ಶೆ ಮಾಡಬಹುದು, ಮಾಡಬೇಕು.

ಮೊದಲು ಗೊತ್ತಿಲ್ಲದವರಿಗಾಗಿ ಎರಡು ಮಾತು. ಫೀಡ್ ಎಂದರೆ ಒಂದು ಸಾದಾ ಪಠ್ಯ ಕಡತ. ಒಂದು ತಾಣದಲ್ಲಿ ಇತ್ತೀಚೆಗೆ ಪ್ರಕಟವಾದ ಬರಹಗಳ ಶೀರ್ಷಿಕೆ, ಕೊಂಡಿ, ದಿನಾಂಕ, ಒಂದಿಷ್ಟು ಸಾರಾಂಶ ಅಥವಾ ಪೂರ್ತಿ ಬರಹ, ಇವು ಗೊತ್ತಾದ ಒಂದು ಕ್ರಮದಲ್ಲಿ ಅದರಲ್ಲಿರುತ್ತವೆ. ಹೊಸ ಬರಹ ಬಂದಾಗ ಕಡತ ಬದಲಾಗುತ್ತದೆ. ನಿಮ್ಮ ಫೀಡ್ ರೀಡರ್ ಆಗಾಗ ಹೋಗಿ 'ಏನಾದರೂ ಹೊಸತಿದೆಯಾ?' ಎಂದು ಕೇಳಿಕೊಂಡು ಬರುತ್ತದೆ. ಇದ್ದರೆ ತಂದು ನಿಮ್ಮ ಮುಂದಿಡುತ್ತದೆ. ನೀವು ಯಾರೆಂದು ಆ ತಾಣಕ್ಕೆ ಹೇಳಬೇಕಾಗಿಲ್ಲ, ಇಮೇಲ್ ಕೊಡಬೇಕಾಗಿಲ್ಲ. ಬೇಡವೆನಿಸಿದ ದಿನ ಪಟ್ಟಿಯಿಂದ ಹೆಸರು ತೆಗೆದರೆ ಮುಗಿಯಿತು. ವರ್ಡ್‌ಪ್ರೆಸ್ಸಿನಲ್ಲಿ ನಡೆಯುವ ಬಹುತೇಕ ಕನ್ನಡ ತಾಣಗಳಿಗೆ ಇದು ತಾನಾಗಿಯೇ ಇರುತ್ತದೆ. ವಿಳಾಸದ ಕೊನೆಗೆ ಒಂದು ಓರೆಗೆರೆ ಎಳೆದು 'ಫೀಡ್' ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ನೋಡಿ. ಎಷ್ಟೋ ಸಂಪಾದಕರಿಗೇ ತಮ್ಮ ಪತ್ರಿಕೆಗೆ ಇಂಥದೊಂದು ಹಿತ್ತಲ ಬಾಗಿಲಿದೆ ಎಂದು ತಿಳಿದಿರುವುದಿಲ್ಲ.

ಇದರ ಚರಿತ್ರೆ ದೊಡ್ಡದೇನಲ್ಲ, ಆದರೆ ಜಗಳಗಳಿಂದ ತುಂಬಿದೆ. 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿಯವರು ತಮ್ಮ ಮುಖಪುಟಕ್ಕೆ ಬೇರೆ ತಾಣಗಳ ಶೀರ್ಷಿಕೆಗಳನ್ನು ತರಿಸಿಕೊಳ್ಳಲು ಆರೆಸ್ಸೆಸ್ ಎಂಬ ಮಾದರಿ ರೂಪಿಸಿದರು. (ನಮ್ಮಲ್ಲಿ ಈ ಮೂರಕ್ಷರಕ್ಕೆ ಬೇರೆಯದೇ ಅರ್ಥವಿದೆ. ತರಗತಿಯಲ್ಲಿ ಇದರ ಬಗ್ಗೆ ಮಾತಾಡಲು ಶುರುಮಾಡಿದರೆ ಮೊದಲ ಐದು ನಿಮಿಷ ಅದಕ್ಕೇ ಹೋಗುತ್ತದೆ.) ಅದರ ಹಿಂದಿದ್ದವರಲ್ಲಿ ಒಬ್ಬರು ಮದ್ರಾಸಿನ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಆರ್.ವಿ. ಗುಹಾ. ಆಮೇಲೆ ಡೇವ್ ವೈನರ್ ಅದನ್ನು ತಮ್ಮ ದಾರಿಯಲ್ಲಿ ಬೆಳೆಸಿದರು, ಇನ್ನೊಂದು ಗುಂಪು ಅದನ್ನು ಮತ್ತೊಂದು ದಾರಿಯಲ್ಲಿ ಬೆಳೆಸಿ 2000ದ ಡಿಸೆಂಬರಿನಲ್ಲಿ ತನ್ನದೇ ಆವೃತ್ತಿ ತಂದಿತು. ಆ ಗುಂಪಿನಲ್ಲಿ ಆರನ್ ಸ್ವಾರ್ಟ್ಜ್ ಎಂಬ ಹದಿನಾಲ್ಕು ವರ್ಷದ ಹುಡುಗನಿದ್ದ. ಮೂರಕ್ಷರದ ವಿಸ್ತರಣೆ ಕೂಡ ಯಾರು ಬರೆದರು ಎಂಬುದರ ಮೇಲೆ ಬದಲಾಯಿತು. ಮೊದಲು 'ಆರ್‌ಡಿಎಫ್ ಸೈಟ್ ಸಮ್ಮರಿ', ನಂತರ 'ರಿಚ್ ಸೈಟ್ ಸಮ್ಮರಿ', 2002ರಲ್ಲಿ 'ರಿಯಲಿ ಸಿಂಪಲ್ ಸಿಂಡಿಕೇಶನ್'. ಈ ಜಗಳದಿಂದ ಬೇಸತ್ತವರು 'ಆಟಮ್' ಎಂಬ ಇನ್ನೊಂದು ಮಾದರಿ ಮಾಡಿದರು, ಅದು 2005ರ ಡಿಸೆಂಬರಿನಲ್ಲಿ ಅಧಿಕೃತ ಮಾನಕವಾಯಿತು. ಒಂದೇ ಮಟ್ಟಿನ ಮೂರು ಪಾಠಾಂತರಗಳಿದ್ದಂತೆ ಇವು. ಓದುಗನಿಗೆ ಯಾವುದಾದರೂ ಒಂದೇ. ಎಲ್ಲ ಫೀಡ್ ರೀಡರುಗಳೂ ಎಲ್ಲವನ್ನೂ ಓದುತ್ತವೆ.

ಈ ಪದಕ್ಕೆ ಕನ್ನಡ ಏನು? ಫೀಡ್ ಎಂದರೆ ಮೇವು, ಉಣಿಸು. ದನದ ಮುಂದೆ ಹುಲ್ಲು ಚೆಲ್ಲಿದ ಚಿತ್ರ ಅದರಲ್ಲಿದೆ. ಇವತ್ತಿನ ಸಾಮಾಜಿಕ ಜಾಲತಾಣಗಳಿಗೆ ಆ ಚಿತ್ರ ಸರಿಯಾಗಿಯೇ ಒಪ್ಪುತ್ತದೆ. ಆದರೆ ನಾನು ಹೇಳುತ್ತಿರುವ ಫೀಡಿಗೆ ಒಪ್ಪುವುದಿಲ್ಲ. ನಮ್ಮ ಹಳೆ ಮೈಸೂರಿನ ಮನೆಗಳಲ್ಲಿ 'ವರ್ತನೆ' ಎಂಬ ಮಾತಿತ್ತು. ವರ್ತನೆಯ ಹಾಲು, ವರ್ತನೆಯ ಹೂವು. ದಿನಾ ಬೆಳಗ್ಗೆ ಇಂಥವರೇ ತಂದುಕೊಡುವುದು, ತಿಂಗಳಿಗೊಮ್ಮೆ ಲೆಕ್ಕ. ನಡತೆ ಎಂಬ ಅರ್ಥದ ವರ್ತನೆ ಇದಲ್ಲ, ತಪ್ಪದೆ ನಡೆದುಬರುವ ಕೊಡುಕೊಳೆ. ಹೂವಿನವಳಿಗೆ ಇಂದು ಇಂಥದ್ದೇ ಹೂವು ತಾ ಎಂದು ಯಾರೂ ಹೇಳುತ್ತಿರಲಿಲ್ಲ. ಸೇವಂತಿಗೆ ಕಾಲದಲ್ಲಿ ಸೇವಂತಿಗೆ, ಕನಕಾಂಬರದ ಕಾಲದಲ್ಲಿ ಕನಕಾಂಬರ, ಏನೂ ಸಿಗದ ದಿನ ಎರಡು ಎಳೆ ಮರುಗ. ನಂಬಿಕೆ ಇಟ್ಟದ್ದು ಹೂವಿನ ಮೇಲಲ್ಲ, ತರುವವಳ ಮೇಲೆ. ಫೀಡಿಗೆ ಚಂದಾದಾರನಾಗುವುದೆಂದರೆ ಇದೇ. ಒಬ್ಬ ಬರಹಗಾರನಿಗೆ, ಒಂದು ಪತ್ರಿಕೆಗೆ ವರ್ತನೆ ಹಾಕಿಕೊಳ್ಳುವುದು.

ಸುದ್ದಿ ಎಚ್ಚರಿಕೆ, ಅಂದರೆ ಅಲರ್ಟ್, ಹಾಗಲ್ಲ. ಅಲ್ಲಿ ನಾವು ಬೇಕಾದ ಪದವನ್ನು ಹೇಳುತ್ತೇವೆ, ಯಂತ್ರ ಆ ಪದ ಎಲ್ಲೆಲ್ಲಿ ಇದೆಯೋ ಹುಡುಕಿ ತರುತ್ತದೆ. ಗೂಗಲ್ ಅಲರ್ಟ್ಸ್ 2003ರಿಂದ ಮಾಡುತ್ತಿರುವುದು ಇದನ್ನೇ. ಬೇಕಿದ್ದರೆ ಇಮೇಲಿಗೆ ಕಳಿಸುತ್ತದೆ, ಬೇಕಿದ್ದರೆ ಒಂದು ಫೀಡ್ ಮಾಡಿಕೊಡುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಎರಡೂ ಒಂದೇ ರೀಡರಿನಲ್ಲಿ, ಒಂದೇ ಬಗೆಯ ಸಾಲುಗಳಾಗಿ ಬಂದು ಕೂರುತ್ತವೆ. ಆದರೆ ಒಂದರಲ್ಲಿ ನಾನು ಆರಿಸಿದ್ದು ಒಬ್ಬ ಮನುಷ್ಯನನ್ನು, ಇನ್ನೊಂದರಲ್ಲಿ ಒಂದು ಪದವನ್ನು. ನನ್ನ ಕೆರೆಯ ಸುದ್ದಿ ಕೈತಪ್ಪಿದ್ದು ಈ ವ್ಯತ್ಯಾಸವನ್ನು ನಾನು ಗಮನಿಸದೆ ಹೋದದ್ದರಿಂದ.

ಪದದ ವಿಚಾರಕ್ಕೆ ಮತ್ತೆ ಬರುತ್ತೇನೆ. ಅದಕ್ಕೆ ಮುಂಚೆ ಫೀಡ್ ಕಟ್ಟುವ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಒಂದನ್ನು ಕೈಯಾರೆ ಕಟ್ಟಿದ ಮೇಲೆಯೇ ನನಗೆ ಅದರ ಗುಣದೋಷ ಅರ್ಥವಾದದ್ದು.

ನಮ್ಮದೊಂದು ಸಣ್ಣ ಓದುಗರ ಕೂಟವಿದೆ. ಹನ್ನೊಂದು ಜನ. ವಾರಕ್ಕೆ ಮೂರೋ ನಾಲ್ಕೋ ಒಳ್ಳೆಯ ಬರಹಗಳನ್ನು ಒಬ್ಬರಿಗೊಬ್ಬರು ಸೂಚಿಸಿಕೊಳ್ಳುತ್ತಿದ್ದೆವು. ವಾಟ್ಸಾಪ್ ಗುಂಪಿನಲ್ಲಿ ಸೂಚನೆಗಳು ಹುಟ್ಟುಹಬ್ಬದ ಹಾರೈಕೆಗಳ ಕೆಳಗೆ ಹೂತುಹೋಗುತ್ತಿದ್ದವು. ಅದಕ್ಕೆ ನಾನೇ ಒಂದು ಫೀಡ್ ಬರೆದೆ. ಬರೆದೆ ಎಂದರೆ ಅಕ್ಷರಶಃ, ನೋಟ್‌ಪ್ಯಾಡಿನಲ್ಲಿ. ಮೇಲೆ ಕೂಟದ ಹೆಸರು, ವಿವರ. ಕೆಳಗೆ ಒಂದೊಂದು ಬರಹಕ್ಕೂ ಶೀರ್ಷಿಕೆ, ಕೊಂಡಿ, ಯಾಕೆ ಓದಬೇಕು ಎಂಬ ಎರಡು ವಾಕ್ಯ, ದಿನಾಂಕ, ಗುರುತು. ಅಷ್ಟೇ. ಪ್ರೋಗ್ರಾಮಿಂಗ್ ಏನೂ ಬೇಕಾಗಲಿಲ್ಲ. ಆದರೆ ಈ ಮಾದರಿ ಹಳೆಯ ಕಾಲದ ಛಂದಸ್ಸಿನ ಮೇಷ್ಟರಂತೆ. ತೆರೆದ ಒಂದು ಗುರುತನ್ನು ಮುಚ್ಚಲು ಮರೆತರೆ, ಶೀರ್ಷಿಕೆಯಲ್ಲಿ 'ಮತ್ತು' ಎಂಬುದಕ್ಕೆ ಬಳಸುವ ಇಂಗ್ಲಿಷ್ ಚಿಹ್ನೆಯೊಂದು ಹಾಗೇ ಉಳಿದುಬಿಟ್ಟರೆ, ಇಡೀ ಕಡತವೇ ತಪ್ಪೆಂದು ತಳ್ಳಿಬಿಡುತ್ತದೆ. ದಿನಾಂಕವನ್ನಂತೂ ಇಂಗ್ಲಿಷಿನಲ್ಲೇ ಬರೆಯಬೇಕು, ವಾರ ಮತ್ತು ತಿಂಗಳು ಮೂರು ಮೂರು ಇಂಗ್ಲಿಷ್ ಅಕ್ಷರಗಳಲ್ಲಿ. ಒಳಗೆಲ್ಲ ಕನ್ನಡವಿದ್ದರೂ ಕಾಲ ಮಾತ್ರ ಇಂಗ್ಲಿಷಿನದು.

ಗುರುತಿನ ವಿಷಯ ಇನ್ನೂ ಸೊಗಸು. ಪ್ರತಿ ಬರಹಕ್ಕೂ ಎಂದೂ ಬದಲಾಗದ ಒಂದು ಗುರುತು ಕೊಡಬೇಕು. ಈ ಬರಹವನ್ನು ಈಗಾಗಲೇ ತೋರಿಸಿದ್ದೇನೆಯೇ ಇಲ್ಲವೇ ಎಂದು ರೀಡರ್ ತಿಳಿಯುವುದು ಅದರಿಂದಲೇ. ಲೇಖಕ ಆಮೇಲೆ ಒಂದು ಪ್ಯಾರಾ ತಿದ್ದಿದರೂ ಗುರುತು ಹಾಗೇ ಇದ್ದರೆ ಅದು ಹಳೆಯ ಬರಹವೇ. ಒಂದಕ್ಷರವೂ ಬದಲಾಗದಿದ್ದರೂ ಗುರುತು ಬದಲಾದರೆ ಅದು ಹೊಸ ಬರಹ. ಗ್ರಂಥಸಂಪಾದನೆ ಓದಿದ ವಿದ್ಯಾರ್ಥಿಗಳಿಗೆ ಇದು ಪರಿಚಿತ ತಲೆನೋವು. ಒಂದು ಕೃತಿ ಎಷ್ಟು ಬದಲಾದರೆ ಬೇರೆ ಕೃತಿಯಾಗುತ್ತದೆ? ತಾಣವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಗುರುತುಗಳು ಕೆಟ್ಟು, ಐದು ವರ್ಷದ ಹಿಂದಿನ ಶ್ರದ್ಧಾಂಜಲಿ ಲೇಖನಗಳೆಲ್ಲ ಒಂದೇ ಬೆಳಗ್ಗೆ ಹೊಸದಾಗಿ ಬಂದು ಬಿದ್ದದ್ದನ್ನು ನಾನು ಕಂಡಿದ್ದೇನೆ. ಸತ್ತವರು ಮತ್ತೊಮ್ಮೆ ಸತ್ತಂತೆ ಗಾಬರಿಯಾಗಿತ್ತು.

ಆದರೆ ಸಾಹಿತ್ಯದ ದೃಷ್ಟಿಯಿಂದ ದೊಡ್ಡ ದೋಷ ಸಾರಾಂಶದ್ದು. ಪೂರ್ತಿ ಬರಹವನ್ನು ಫೀಡಿನಲ್ಲಿ ಕೊಟ್ಟರೆ ಓದುಗರು ತಾಣಕ್ಕೆ ಬರುವುದಿಲ್ಲ ಎಂಬ ಭಯಕ್ಕೆ ಹಲವರು ಸಾರಾಂಶ ಮಾತ್ರ ಕೊಡುತ್ತಾರೆ. ಜಾಹೀರಾತು ನಂಬಿದವರ ಕಷ್ಟ ಅರ್ಥವಾಗುತ್ತದೆ. ತೊಂದರೆ ಇರುವುದು ಆ ಸಾರಾಂಶವನ್ನು ಮಾಡುವವರು ಯಾರೂ ಇಲ್ಲ ಎಂಬುದರಲ್ಲಿ. ವರ್ಡ್‌ಪ್ರೆಸ್ ತಾನಾಗಿ ಮೊದಲ 55 ಪದಗಳನ್ನು ಕತ್ತರಿಸಿ ಕೊಡುತ್ತದೆ, ಕತ್ತರಿಸುವಾಗ ಸಾಲಿನ ರಚನೆಯನ್ನೂ ಕಿತ್ತುಹಾಕುತ್ತದೆ. ಪ್ರಬಂಧಕ್ಕೆ ಇದರಿಂದ ಅಂಥ ಅಪಾಯವಿಲ್ಲ. ಕವಿತೆಗೆ? ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗದ್ಯವಾಗಿ ಬರುತ್ತವೆ. ಸಾಲು ಮುರಿದ ಜಾಗದಲ್ಲಿ ಕವಿ ಇಟ್ಟಿದ್ದ ಮೌನ ಮಾಯ. ಹತ್ತು ಸಾಲಿನ ಪುಟ್ಟ ಕವಿತೆಯಾದರೆ 55 ಪದದೊಳಗೇ ಪೂರ್ತಿ ಮುಗಿದುಹೋಗಿ, ಓದುಗ ಅದನ್ನೊಂದು ಅರೆಬರೆ ವಾಕ್ಯವೆಂದು ತಿಳಿದು ಮುಂದೆ ಹೋಗುತ್ತಾನೆ. ಇನ್ನು ಕೆಲವು ವ್ಯವಸ್ಥೆಗಳು ಪದ ಎಣಿಸದೆ ಅಕ್ಷರಸಂಕೇತ ಎಣಿಸಿ ಕತ್ತರಿಸುತ್ತವೆ. ಕನ್ನಡದ ಒಂದು ಒತ್ತಕ್ಷರ ಕಂಪ್ಯೂಟರಿಗೆ ಮೂರು ನಾಲ್ಕು ಸಂಕೇತಗಳು, ಆದ್ದರಿಂದ 'ಭಕ್ತಿ' ಎಂಬುದು 'ಭಕ್' ಎಂದು ನಿಂತುಬಿಡುತ್ತದೆ. ಕವಿತೆ ಪ್ರಕಟಿಸುವ ತಾಣದವರು ಪೂರ್ತಿ ಪಠ್ಯವನ್ನೇ ಫೀಡಿನಲ್ಲಿ ಕೊಡಲಿ, ಇಲ್ಲವೇ ಸಾರಾಂಶದ ಜಾಗದಲ್ಲಿ ಸಂಪಾದಕರು ಕೈಯಾರೆ ಒಂದು ವಾಕ್ಯ ಬರೆಯಲಿ. ಅದಕ್ಕೆ ಜಾಗ ಇದೆ. ಯಾರೂ ತುಂಬುವುದಿಲ್ಲ.

ಕನ್ನಡ ಬ್ಲಾಗುಗಳ ಉತ್ಸಾಹದ ದಿನಗಳನ್ನು ಕಂಡವರಿಗೆ ವರ್ತನೆಯ ಓದಿನ ರುಚಿ ಗೊತ್ತಿದೆ. ಯೂನಿಕೋಡ್ ಕನ್ನಡ ಸುಲಭವಾಗುತ್ತಿದ್ದಂತೆ ಶಿರಸಿಯಿಂದ, ಶಾರ್ಜಾದಿಂದ, ಸಿಂಗಪುರದಿಂದ ಜನ ಬರೆಯತೊಡಗಿದರು. ಒಬ್ಬೊಬ್ಬರೂ ತಿಂಗಳಿಗೆ ಎರಡು, ಕೆಲವರು ವರ್ಷಕ್ಕೆ ಎರಡು. ಅಷ್ಟು ವಿರಳವಾಗಿ ಬರೆಯುವವರ ಮನೆಬಾಗಿಲಿಗೆ ದಿನಾ ಹೋಗಿ ನೋಡಲು ಯಾರಿಗೆ ಸಾಧ್ಯ? 2005ರಲ್ಲಿ ಬಂದ ಗೂಗಲ್ ರೀಡರ್ ಆ ಕೆಲಸ ಮಾಡುತ್ತಿತ್ತು. ನನ್ನ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಹೆಸರಿದ್ದವು. ಎಂಟು ತಿಂಗಳು ಸುಮ್ಮನಿದ್ದ ಒಬ್ಬರು ಒಂದು ರಾತ್ರಿ ಬರೆದರೆ ಮರುದಿನ ಬೆಳಗ್ಗೆ ಅದು ನನ್ನೆದುರು ಇರುತ್ತಿತ್ತು. ದಿನಕ್ಕೆ ಐದು ಸಲ ಬರೆಯುವವನಿಗೂ ವರ್ಷಕ್ಕೊಮ್ಮೆ ಬರೆಯುವವಳಿಗೂ ಅಲ್ಲಿ ಒಂದೇ ಅಳತೆಯ ಸಾಲು. ಇವತ್ತಿನ ಜಾಲತಾಣಗಳ ಲೆಕ್ಕಾಚಾರದಲ್ಲಿ ವರ್ಷಕ್ಕೊಮ್ಮೆ ಬರೆಯುವವಳು ಕಣ್ಣಿಗೇ ಬೀಳುವುದಿಲ್ಲ. ಸಾಹಿತ್ಯಕ್ಕೆ ಮಾತ್ರ ಅವಳೇ ಮುಖ್ಯವಾಗಿರಬಹುದು.

2013ರ ಮಾರ್ಚ್‌ನಲ್ಲಿ ಗೂಗಲ್, ಬಳಕೆ ಕುಗ್ಗಿದೆ ಎಂಬ ಕಾರಣ ಕೊಟ್ಟು, ಈ ಸೇವೆಯನ್ನು ನಿಲ್ಲಿಸುವುದಾಗಿ ಹೇಳಿತು. ಜುಲೈ 1ಕ್ಕೆ ಬಾಗಿಲು ಹಾಕಿತು. ಚಂದಾ ಪಟ್ಟಿಯನ್ನು ಕಡತವಾಗಿ ಇಳಿಸಿಕೊಳ್ಳಲು ಅವಕಾಶವಿತ್ತು, ನಾನೂ ಇಳಿಸಿಕೊಂಡೆ. ಆದರೆ ಅಳಿಸಿಹೋಗಿದ್ದ ಎಷ್ಟೋ ಬ್ಲಾಗುಗಳ ಹಳೆಯ ಬರಹಗಳು ಆ ರೀಡರಿನ ಉಗ್ರಾಣದಲ್ಲಿ ಮಾತ್ರ ಉಳಿದಿದ್ದವು. ಅವು ಹೋದವು. ಆಮೇಲೆ ಫೀಡ್ಲಿ, ಇನೋರೀಡರ್ ಮುಂತಾದವು ಅದರ ಜಾಗ ತುಂಬಿದವು, ಈಗಲೂ ಇವೆ. ಕನ್ನಡದ ಓದುಗರು ಹೆಚ್ಚಾಗಿ ಅತ್ತ ಹೋಗದೆ ಫೇಸ್‌ಬುಕ್ಕಿಗೆ, ವಾಟ್ಸಾಪಿಗೆ ಹೋದರು. ಅದಕ್ಕೆ ಅವರನ್ನು ದೂರುವುದು ಸರಿಯಲ್ಲ. ಅಲ್ಲಿ ಬರಹದ ಜತೆ ಮಾತೂ ಇತ್ತು, ಫೀಡ್ ರೀಡರ್ ಒಬ್ಬಂಟಿಯ ಕೋಣೆ. ಆದರೂ ಒಂದು ನಷ್ಟವನ್ನು ಹೆಸರಿಸಬೇಕು. ಅಲ್ಲಿಯವರೆಗೆ ನಾನು ಯಾರ ಯಾರ ಓದುಗ ಎಂಬ ಪಟ್ಟಿ ನನ್ನ ಬಳಿ ಇತ್ತು. ಈಗ ಅದು ಕಂಪನಿಯ ಬಳಿ ಇದೆ, ನನ್ನ ಬಳಿ ಇಲ್ಲ. ನಾನು ಯಾರನ್ನು ಓದುವುದನ್ನು ನಿಲ್ಲಿಸಿದೆ ಎಂಬುದು ನನಗೇ ಗೊತ್ತಾಗುವುದಿಲ್ಲ.

ಫೀಡ್ ಸತ್ತಿತು ಎನ್ನುವವರಿಗೆ ಒಂದು ಮಾತು: ನೀವು ಕೇಳುವ ಪಾಡ್‌ಕಾಸ್ಟ್‌ಗಳು ಇಂದಿಗೂ ಬಹುಪಾಲು ಇದೇ ಆರೆಸ್ಸೆಸ್ ಕಡತದ ಮೇಲೇ ಓಡಾಡುತ್ತಿವೆ. ಹೆಸರು ಕಾಣುವುದಿಲ್ಲ ಅಷ್ಟೇ.

ಈಗ ಪದದ ವಿಚಾರ.

ಅಲರ್ಟಿನ ತರ್ಕ ಇಂಗ್ಲಿಷಿನಂಥ ಭಾಷೆಯ ಮೇಲೆ ನಿಂತಿದೆ. ಅಲ್ಲಿ ಪದಗಳು ಬಿಡಿಬಿಡಿಯಾಗಿ, ಹೆಚ್ಚು ರೂಪ ಬದಲಿಸದೆ ನಿಲ್ಲುತ್ತವೆ. ನಮ್ಮಲ್ಲಿ ಕೆರೆ ಎಂಬ ಪದ ವಾಕ್ಯಕ್ಕೆ ಇಳಿದ ಕೂಡಲೇ ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಗಳಿಂದಲೂ ಆಗುತ್ತದೆ. ಪೂರ್ತಿ ಪದ ಹೊಂದಬೇಕು ಎಂದು ಜರಡಿಗೆ ಹೇಳಿದರೆ ಇವೆಲ್ಲ ಸೋರಿಹೋಗುತ್ತವೆ. ಪದದ ಒಂದು ತುಣುಕು ಹೊಂದಿದರೂ ಸಾಕು ಎಂದರೆ ತರೀಕೆರೆ, ಅರಸೀಕೆರೆ, ಬೆನ್ನು ಕೆರೆದುಕೊಂಡವರು ಎಲ್ಲ ಒಳಗೆ ಬರುತ್ತಾರೆ. ಸರಿ, ಬರಲಿ ಎಂದುಕೊಂಡರೂ ಸಂಧಿ ಕಾದು ಕೂತಿರುತ್ತದೆ. ದಾವಣಗೆರೆಯಲ್ಲಿ ಕೆರೆ ಗೆರೆಯಾಗಿದೆ, ಆದೇಶ ಸಂಧಿ. ಕೆರೂರಿನಲ್ಲಿ ಕೆರೆಯ ಕೊನೆಯ ಸ್ವರವೇ ಇಲ್ಲ, ಲೋಪ ಸಂಧಿ. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಪಾಠಗಳು ಇಲ್ಲಿ ಬಂದು ಸೇಡು ತೀರಿಸಿಕೊಳ್ಳುತ್ತವೆ. 'ಕನ್ನಡ' ಎಂಬ ಪದಕ್ಕೆ ಅಲರ್ಟ್ ಹಾಕಿದ ವಿದ್ಯಾರ್ಥಿಗೆ 'ಹಳೆಗನ್ನಡ'ದ ಒಂದು ಲೇಖನವೂ ಸಿಗದಿರಬಹುದು. ಯಂತ್ರದ ಕಣ್ಣಿಗೆ ಹಳೆಗನ್ನಡದಲ್ಲಿ ಕನ್ನಡವಿಲ್ಲ.

ಇದು ವ್ಯಾಕರಣದ ಪಾಡು. ಲಿಪಿಯದು ಬೇರೆ. ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಇದ್ದರೆ 'ಇಂಟರ್‌ನೆಟ್', ಇಲ್ಲದಿದ್ದರೆ 'ಇಂಟರ್ನೆಟ್'. ಓದುವಾಗ ನಾವು ಎರಡನ್ನೂ ಒಂದೇ ಎಂದುಕೊಳ್ಳುತ್ತೇವೆ, ಹುಡುಕುವ ಯಂತ್ರಕ್ಕೆ ಎರಡು ಬೇರೆ ಪದ. ಸೊನ್ನೆಯ ಅವಾಂತರ ಇನ್ನೂ ತಮಾಷೆಯದು. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನೇ ಒತ್ತುವ ಅಭ್ಯಾಸ ಹಲವರಿಗಿದೆ. 'ಬೆ೦ಗಳೂರು' ಎಂದು ಹಾಗೆ ಬರೆದರೆ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಆ ಬೆಂಗಳೂರು ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಇನ್ನು ಪುಟವನ್ನು ಚಿತ್ರವಾಗಿ ಮಾತ್ರ ಇಡುವ ಇ-ಪೇಪರುಗಳಿವೆ. ಜಿಲ್ಲಾ ಪುಟದ ಸುದ್ದಿ, ಅಂದರೆ ನನ್ನ ಕೆರೆಯ ಸುದ್ದಿ, ಎಷ್ಟೋ ಸಲ ಅಲ್ಲಿ ಮಾತ್ರ ಇರುತ್ತದೆ. ಅಲ್ಲಿಗೆ ಯಾವ ಜರಡಿಯೂ ಇಳಿಯುವುದಿಲ್ಲ.

ಇವೆಲ್ಲ ಇವತ್ತಲ್ಲ ನಾಳೆ ಸರಿಹೋಗುವ ತೊಡಕುಗಳು ಎಂದು ಎಂಜಿನಿಯರ್ ಗೆಳೆಯರು ಹೇಳುತ್ತಾರೆ. ಒಪ್ಪುತ್ತೇನೆ. ಪದದ ಮೂಲರೂಪ ಹಿಡಿಯುವ, ಬರಹದ ರೂಪಭೇದಗಳನ್ನು ಒಂದಾಗಿಸುವ ಕೆಲಸ ಅಸಾಧ್ಯವೇನಲ್ಲ. ಆದರೆ ನನ್ನ ಸುದ್ದಿ ತಪ್ಪಿದ್ದು ಸಂಧಿಯಿಂದಲೂ ಅಲ್ಲ, ಸೊನ್ನೆಯಿಂದಲೂ ಅಲ್ಲ. ವರದಿಗಾರ ಕೆರೆಯನ್ನು ಕೆರೆಯೆಂದು ಕರೆಯಲೇ ಇಲ್ಲ. ಅವನಿಗೆ ಅದರ ಅಗತ್ಯವಿರಲಿಲ್ಲ. ನೀರಿನ ಜತೆ ಬದುಕುವವರಿಗೆ ಕೆರೆ ಎಂಬುದು ಒಂದೇ ಪದವಲ್ಲ. ತೂಬು, ಏರಿ, ಕೋಡಿ, ಅಂಗಳ, ಅಚ್ಚುಕಟ್ಟು, ರಾಜಕಾಲುವೆ. ಸಣ್ಣದಾದರೆ ಕುಂಟೆ, ಕಟ್ಟೆ. ಹೆಸರಿಡುವಾಗ ಸಾಗರ, ಸಮುದ್ರ. ಕೆ.ಸಿ. ವ್ಯಾಲಿಯ ನೀರು ಮೊದಲು ಬಂದು ಬಿದ್ದ ಕೆರೆಯ ಹೆಸರೇ ಲಕ್ಷ್ಮೀಸಾಗರ. ನಮ್ಮ ಕಡೆ ಅರ್ಧ ಜನ ಮನೆಯಲ್ಲಿ ಅದನ್ನು ತೆಲುಗಿನಲ್ಲಿ ಚೆರುವು ಎನ್ನುತ್ತಾರೆ. ಊರು ಬಿಟ್ಟು ಇಪ್ಪತ್ತು ವರ್ಷವಾದ ನಾನು 'ಕೆರೆ' ಎಂದು ಬರೆದು ಕೂತದ್ದು ಊರಿನ ಪದವನ್ನಲ್ಲ, ವಿಷಯಸೂಚಿಯ ಪದವನ್ನು.

ಅಲರ್ಟಿನ ಮೇಲೆ ನನಗಿರುವ ಮುಖ್ಯ ಆಕ್ಷೇಪ ಇದು. ಅದು ನಮಗೆ ಈಗಾಗಲೇ ಗೊತ್ತಿರುವ ಪದದಲ್ಲಿ ಬರೆದದ್ದನ್ನಷ್ಟೇ ತರುತ್ತದೆ. ಹೊಸದು ಯಾವಾಗಲೂ ನಮಗೆ ಗೊತ್ತಿರುವ ಪದದಲ್ಲೇ ಬರುತ್ತದೆ ಎಂದು ಯಾರು ಹೇಳಿದರು? 'ದಲಿತ ಸಾಹಿತ್ಯ' ಎಂದು ಅಲರ್ಟ್ ಹಾಕಿಕೊಂಡ ಸಂಶೋಧನಾ ವಿದ್ಯಾರ್ಥಿಗೆ ವಿಚಾರಸಂಕಿರಣಗಳ ವರದಿ ಬರುತ್ತದೆ, ಪ್ರಶಸ್ತಿಯ ಸುದ್ದಿ ಬರುತ್ತದೆ. ತನ್ನ ಕೇರಿಯ ಬಾವಿಯ ಬಗ್ಗೆ ಒಬ್ಬ ಹುಡುಗಿ ಆ ಎರಡು ಪದಗಳನ್ನು ಬಳಸದೆ ಬರೆದ ನಾಲ್ಕು ಪುಟ ಬರುವುದಿಲ್ಲ. ಹಣೆಪಟ್ಟಿ ಅಂಟಿದ್ದೆಲ್ಲ ಸಿಗುತ್ತದೆ, ಅಂಟದ್ದು ತಪ್ಪುತ್ತದೆ. ನಮ್ಮ ವಿಮರ್ಶೆಯ ಹಳೆಯ ಕಾಯಿಲೆಯೊಂದನ್ನು ಯಂತ್ರಕ್ಕೂ ಕಲಿಸಿದಂತಾಯಿತು.

ಹಾಗೆಂದು ವರ್ತನೆಯ ಓದನ್ನು ಹಾಡಿ ಹೊಗಳುವುದೂ ಕಷ್ಟವೇ. ಹಳೆಯ ಫೀಡ್ ಪ್ರಿಯರು, ನನ್ನನ್ನೂ ಸೇರಿಸಿ, ಒಂದು ಬಗೆಯ ಜಂಭದಲ್ಲಿ ಮಾತಾಡುತ್ತೇವೆ: ನಮ್ಮ ಓದನ್ನು ನಾವೇ ಆರಿಸಿಕೊಳ್ಳುತ್ತೇವೆ, ಕಂಪನಿಯ ಲೆಕ್ಕಾಚಾರಕ್ಕೆ ತಲೆ ಕೊಡುವುದಿಲ್ಲ. ಒಂದು ದಿನ ಕೂತು ನನ್ನ ಪಟ್ಟಿಯನ್ನು ತೆರೆದು ಎಣಿಸಿದೆ. ಬೆಂಗಳೂರು, ಮೈಸೂರು, ಧಾರವಾಡ, ಮಲೆನಾಡು, ಕರಾವಳಿ. ಕಲಬುರಗಿಯಿಂದ ಒಂದು, ಬೀದರಿನಿಂದ ಸೊನ್ನೆ. ನನ್ನದೇ ಕೋಲಾರದಿಂದ ಎರಡು, ಎರಡೂ ನಿಂತುಹೋಗಿದ್ದವು. ಬಹುಪಾಲು ನನ್ನದೇ ವಯಸ್ಸಿನವರು, ನಾನು ಓದಿದ್ದನ್ನೇ ಓದಿದವರು. ಯಾವ ಕಂಪನಿಯೂ ಇದನ್ನು ನನ್ನ ಮೇಲೆ ಹೇರಿರಲಿಲ್ಲ, ನಾನೇ ಪ್ರೀತಿಯಿಂದ ಕಟ್ಟಿಕೊಂಡಿದ್ದೆ. ಹೂವಿನವಳು ಕಾಲಕ್ಕೆ ತಕ್ಕ ಹೂವು ತರುತ್ತಾಳೆ ನಿಜ, ಆದರೆ ಅವಳು ಬರುವುದು ನಮ್ಮ ಬೀದಿಗೆ ಹತ್ತಿರದ ತೋಟದಿಂದ.

ಇನ್ನೊಂದು, ಓದದೆ ಉಳಿದವುಗಳ ಲೆಕ್ಕ. ಫೀಡ್ ರೀಡರ್ ಅದನ್ನು ದಪ್ಪಕ್ಷರದಲ್ಲಿ ತೋರಿಸುತ್ತದೆ. ಗೂಗಲ್ ರೀಡರಿನಲ್ಲಿ ಸಾವಿರ ದಾಟಿದರೆ ಎಣಿಸುವುದನ್ನೇ ಬಿಟ್ಟು 'ಸಾವಿರಕ್ಕೂ ಹೆಚ್ಚು' ಎಂಬ ಗುರುತು ಹಾಕುತ್ತಿತ್ತು. ಪ್ರೀತಿಯಿಂದ ಶುರುವಾದ ಓದು ಬಾಕಿ ಕಡತ ವಿಲೇವಾರಿಯಾಗುವುದು ಹೀಗೆ. ಆದರೂ ನನಗೆ ಈ ಲೆಕ್ಕದ ಮೇಲೆ ಒಂದು ಗೌರವವಿದೆ. ಅದು ಸೊನ್ನೆಗೆ ಇಳಿಯಬಲ್ಲುದು. ಪಟ್ಟಿ ಚಿಕ್ಕದಿದ್ದರೆ ಒಂದು ಭಾನುವಾರ ಬೆಳಗ್ಗೆ ಹತ್ತೂವರೆಗೆ 'ಇನ್ನೇನೂ ಇಲ್ಲ' ಎಂದು ಪರದೆ ಹೇಳುತ್ತದೆ. ಫೋನಿನಲ್ಲಿರುವ ಬೇರೆ ಯಾವುದೂ ನನಗೆ ಆ ಮಾತು ಹೇಳಿದ ನೆನಪಿಲ್ಲ.

ನವೆಂಬರಿನ ಆ ಫೋನಿನ ನಂತರ ನಾನು ಜರಡಿಯನ್ನು ಪೂರ್ತಿ ತೆಗೆಯಲಿಲ್ಲ, ಮೂಲೆಗೆ ಸರಿಸಿದೆ. ಅದರ ಬದಲು ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಬರೆಯುವವರನ್ನು ಹುಡುಕಲು ಶುರುಮಾಡಿದೆ. ಒಬ್ಬರು ಮಾವಿನ ತೋಟದ ಬಗ್ಗೆ ಬರೆಯುತ್ತಾರೆ, ಇನ್ನೊಬ್ಬರು ಶಾಲೆಯ ಮಕ್ಕಳ ಬಗ್ಗೆ. ಕೆರೆ ಅವರ ವಿಷಯವಲ್ಲ. ಆದರೆ ತೋಟದವರ ಒಂದು ಬರಹದ ನಡುವೆ, ಬೋರ್‌ವೆಲ್ಲಿನಲ್ಲಿ ನೀರು ಯಾವ ಅಡಿಗೆ ಬಂತು, ಆ ನೀರನ್ನು ಗಿಡಕ್ಕೆ ಬಿಡಲು ಯಾಕೆ ಹೆದರಿಕೆಯಾಗುತ್ತದೆ ಎಂಬ ಮೂರು ವಾಕ್ಯ ಬಂತು. ಸಂಸ್ಕರಿಸಿದ ನೀರಿನ ವಿವಾದದ ಬಗ್ಗೆ ನಾನು ಮೂರು ವರ್ಷ ಕೂಡಿಹಾಕಿದ್ದ ಸುದ್ದಿಗಳಲ್ಲಿ ಆ ಹೆದರಿಕೆ ಎಲ್ಲೂ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಶೀರ್ಷಿಕೆಯಲ್ಲಿ ಇದ್ದದ್ದು ಮಾವಿನ ಹೂವು.

ಚಿಕ್ಕಪ್ಪನಿಗೆ ಕೊನೆಗೂ ನನ್ನ ಜರಡಿಯ ಕಥೆ ಹೇಳಿದೆ. ಅವರು ಕೇಳಿಸಿಕೊಂಡು, "ಹಂಗಾರೆ ಅದಕ್ಕೆ ಕೋಡಿ ಅಂತನೂ ಸೇರ್ಸು" ಅಂದರು. ಸೇರಿಸಿದೆ. ಮೊದಲ ವಾರ ಬಂದವು ಇವು: ಮಳೆ ಬೆಳೆಯ ಬಗ್ಗೆ ಕೋಡಿಮಠದ ಸ್ವಾಮೀಜಿಯವರ ಭವಿಷ್ಯ, ಕೋಡಿಹಳ್ಳಿಯ ಒಂದು ಸಭೆ, ಕುಂದಾಪುರದ ಕೋಡಿ ಕಡಲತೀರದಲ್ಲಿ ಸ್ವಚ್ಛತೆ, ಮತ್ತು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕೋಡಿಂಗ್ ಕಲಿಸುವ ಶಿಬಿರದ ಜಾಹೀರಾತು.